ತಾಮ್ರದ ಕೊಡದ ಕೆಸರು

ತಂಗಿ ಕೊಟ್ಟ ಬಿಳಿ ಡಬ್ಬಿಯಲ್ಲಿ ನಾನು ಕೆಸರು ತುಂಬಲಿಲ್ಲ. ಇಷ್ಟೇ ತಪ್ಪು ಎಂದರೆ ನೀವು ನಕ್ಕೀರಿ. ನಾನೂ ಎಷ್ಟೋ ದಿನ ಹಾಗೆಯೇ ನಕ್ಕು ಮರೆಯಲು ನೋಡಿದೆ.

ನಾನು ಇಳಕಲ್ಲಿನ ನೇಕಾರ, ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದವನು. ತಂಗಿ ಶಾಂತಾ ಓದುತ್ತ ಓದುತ್ತ ಧಾರವಾಡದ ವಿಶ್ವವಿದ್ಯಾಲಯ ಮುಟ್ಟಿದಳು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಎಲೆ ಬೇರುಗಳು ಕೊಳೆತು ಮಾಗಿ ಆಗುವ ಹ್ಯೂಮಿಕ್ ಎಂಬ ಕರಿ ಪದಾರ್ಥದ ಬೆನ್ನು ಹತ್ತಿದ್ದಳು. ರಜೆಗೆ ಬಂದಾಗ ಮಗ್ಗದ ದಂಡೆಗೆ ಕೂತು ಹೇಳಿದಳು: "ಎಲೆಕ್ಟ್ರಾನು ಜೋಡಿ ಜೋಡಿ ಇರ್ತಾವ ಅಣ್ಣಾ. ಈ ಕರೀದ್ರಾಗ ಕೆಲವು ಒಂಟಿ ಉಳೀತಾವ. ಅವನ್ನ ಯಂತ್ರದಾಗ ಅಳತಿ ಮಾಡೂದ ನನ್ನ ಕೆಲಸ."

"ಜೋಡಿ ಸಿಗದ ಉಳದಾವಂದ್ರ ನಿನ್ನಂಥಾವ ಬಿಡು."

"ನಗಬ್ಯಾಡ. ಇದು ಲೋಹ ಸಿಕ್ಕರ ಗಟ್ಟಿ ಹಿಡಕೋತೈತಿ, ಆಮ್ಯಾಲ ಒಂಟಿಗೋಳು ಯಂತ್ರಕ್ಕ ಕಾಣಂಗಿಲ್ಲ. ಗುಡೂರ ಕೆರಿ ಕೆಸರಿನ್ಯಾಗ ಈ ಕರೀದು ಭಾಳ ಐತಿ, ಅದನ್ನ ಕಟಗೀ ಸೌಟಿಲೆ ತಗದು ಈ ಡಬ್ಬ್ಯಾಗ ತುಂಬಿ ಕಳಸು. ಕಬ್ಬಿಣದಂಥಾದ್ದು ಮುಟ್ಟಸಬ್ಯಾಡ."

ಸೌಟಿನಿಂದಲೇ ತೆಗೆದೆ. ಡಬ್ಬಿಯಲ್ಲಿ ಮಾತ್ರ ಆಗಲೇ ಬಣ್ಣದ ಪುಡಿ ತುಂಬಿಟ್ಟಿದ್ದೆ. ಕಬ್ಬಿಣ ತಾನೆ ಬೇಡ, ದೇವರ ನೀರು ತುಂಬುವ ತಾಮ್ರಕ್ಕಿಂತ ಶುದ್ಧವಾದದ್ದು ಯಾವುದು ಎಂದುಕೊಂಡು ಕೊಡವನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಹಸಿ ಕೆಸರನ್ನು ಅದರಲ್ಲಿಟ್ಟೆ. ಮಗ್ಗದ ಮೇಲಿನ ಸೀರೆ ಮುಗಿಯುವವರೆಗೆ, ಎಂಟು ದಿನ, ಅದು ಅಲ್ಲಿಯೇ ಇತ್ತು. ಆಮೇಲೆ ಹೊಸ ಡಬ್ಬಿ ತಂದು, ತುಂಬಿ, ಬಸ್ಸಿಗೆ ಹಾಕಿದೆ.

ಕೆಲವು ತಿಂಗಳ ಮೇಲೆ ಫೋನು ಬಂತು. "ಒಂಟಿ ಎಲೆಕ್ಟ್ರಾನು ಕಾಣವೊಲ್ಲವು ಅಣ್ಣಾ, ಬರೇ ತಾಮ್ರ ಬರಾಕತ್ತೈತಿ. ಗಾಜಿನ ಸಾಮಾನು ತೊಳಿಯೂದ್ರಾಗ ನನ್ನ ಕೈನ ತಪ್ಪಾಕತ್ತೈತಿ ಕಾಣತೈತಿ."

ತಾಮ್ರ ಎಂದೊಡನೆ ನನಗೆ ಕೊಡ ಕಂಡಿತು. ನಾನು "ಹೌದೇನು?" ಎಂದೆ. ಮತ್ತೇನೂ ಅನ್ನಲಿಲ್ಲ. ಇನ್ನೂ ನಾಚಿಕೆಗೇಡಿನ ಮಾತೆಂದರೆ, ಇಷ್ಟು ಓದಿದವಳ ಕೈಯೂ ತಪ್ಪುತ್ತದಲ್ಲ ಎಂದು ಒಳಗೊಳಗೇ ಒಂದು ಸಣ್ಣ ಸಮಾಧಾನವಾಗಿತ್ತು. ಅವಳು ವರ್ಷವಿಡೀ ಗಾಜು ತೊಳೆದಳು, ಅದೇ ಕೆಸರನ್ನು ಮತ್ತೆ ಮತ್ತೆ ಪರೀಕ್ಷಿಸಿದಳು, ಕಡೆಗೆ ಸಂಶೋಧನೆ ಬಿಟ್ಟು ಹುನಗುಂದದಲ್ಲಿ ಶಾಲೆಯ ಟೀಚರಾದಳು. ಸಿಕ್ಕ ಲೋಹವನ್ನು ಹಿಡಿದುಕೊಳ್ಳುವುದು ಕೆಸರಿನ ಗುಣ, ಅದಕ್ಕೆ ತಪ್ಪಿಲ್ಲ. ಹೇಳಬೇಕಾದ ಮಾತನ್ನು ಹಿಡಿದುಕೊಂಡವನು ನಾನು.

ಮೊನ್ನೆ ಅವಳ ಶಾಲೆಗೆ ಹೋಗಿದ್ದೆ. ಮಕ್ಕಳಿಗೆ ಪ್ರಯೋಗ ತೋರಿಸುವ ಹೊತ್ತಿಗೆ ಅವಳು ಗಾಜಿನ ಪ್ರನಾಳವನ್ನು ಇನ್ನೊಬ್ಬ ಟೀಚರ ಕೈಗೆ ಕೊಟ್ಟು, "ನೀವ ಮಾಡ್ರಿ ಅಕ್ಕಾರ, ನನ್ನ ಕೈ ನೆಟ್ಟಗಿಲ್ಲ" ಎಂದಳು. ಹಳೆಯ ಹಾಸ್ಯವೆಂಬಂತೆ ಇಬ್ಬರೂ ನಕ್ಕರು. ನಾನು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ.

ಮಕ್ಕಳು ಹೊರಗೆ ಹೋಗುವವರೆಗೆ ಕಾದು ಹೇಳಿದೆ: "ಶಾಂತಾ, ನಿನ್ನ ಕೈ ನೆಟ್ಟಗ ಐತಿ. ಆ ಕೆಸರು ನಾ ತಾಮ್ರದ ಕೊಡದಾಗ ಇಟ್ಟಿದ್ದೆ, ಎಂಟ ದಿನ. ನೀ ಫೋನ್ ಮಾಡಿದಾಗ್ಲೇ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ. ತಪ್ಪು ನಂದು, ತಂಗೀ. ನನ್ನ ಕ್ಷಮಾ ಮಾಡು."