ಖಂಡೇನವಮಿಗೆ ಕಚ್ಚಿಕೊಂಡ ಬ್ರೇಕ್ ಡ್ರಮ್ಮು

ಎಡಗಡೆಯ ಡ್ರಮ್ಮಿನ ಅಂಚು ಯಾರ ಏಟಿಗೆ ಒಡೆಯಿತು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಸುತ್ತಿಗೆ ಮಾಮಾನ ಕೈಯಲ್ಲಿದೆ. ಮಾಮಾನ ನೆನಪಿನಲ್ಲಿ ಅದು ನನ್ನ ಕೈಯಲ್ಲಿದೆ. ಅಕ್ಕ ಆಗ ಅಡುಗೆಮನೆಯಲ್ಲಿದ್ದಳು, ಏನನ್ನೂ ಕಂಡಿಲ್ಲ. ಆದರೂ ಇಬ್ಬರೂ ಸೇರಿಯೇ ಒಡೆದಿರಿ ಎಂದು ತೀರ್ಪು ಕೊಟ್ಟುಬಿಟ್ಟಿದ್ದಾಳೆ. ನಾನು ಯಾದಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡೆ ಎನ್ನುವವನ ಮಾತನ್ನೂ ಒಮ್ಮೆ ತಿರುವಿ ಹಾಕಿ ನೋಡಿ ಎಂದು ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ನಿಯಮ ನನಗೂ ಅನ್ವಯಿಸುವುದಾದರೆ ಆ ಏಟು ನನ್ನದೇ ಇರಬಹುದು. ಇರಬಹುದು ಎಂದೆ, ಒಪ್ಪಿಕೊಂಡೆ ಎನ್ನಲಿಲ್ಲ.

ಉಳಿದದ್ದರ ಬಗ್ಗೆ ನನಗೆ ಇಷ್ಟು ಅನುಮಾನವಿಲ್ಲ.

ಕಾರು ನನ್ನ ಅಕ್ಕನದು. ಬೆಳ್ಳಿ ಬಣ್ಣದ ಚಿಕ್ಕ ಗಾಡಿ. ಅವಳ ಮನೆ ಸುರಪುರದಲ್ಲಿ, ಗಣಿತ ಕಲಿಸುತ್ತಿದ್ದ ಶಾಲೆ ಹುಣಸಗಿಯಲ್ಲಿ. ನಿವೃತ್ತಿಯಾಗುವವರೆಗೆ ದಿನಾಲೂ ಆ ದಾರಿಯನ್ನು ತಾನೇ ಓಡಿಸಿಕೊಂಡು ಹೋಗಿ ಬಂದವಳು. ಮೊದಮೊದಲು ಹೊಲದಲ್ಲಿದ್ದವರು ಕೆಲಸ ಬಿಟ್ಟು ಎದ್ದು ನಿಂತು ನೋಡುತ್ತಿದ್ದರಂತೆ. ಆಮೇಲೆ ಅದೇ ಜನ ರಸ್ತೆಗೆ ಬಂದು ಕೈ ಅಡ್ಡ ಹಿಡಿಯತೊಡಗಿದರು. ಅವಳ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಾರು ಓಡಿಸಲು ಯಾವತ್ತೂ ಕಲಿಯಲಿಲ್ಲ. ನಿವೃತ್ತಿಯ ನಂತರ ಅಕ್ಕನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಗಾಡಿ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ವರ್ಷ ನಿಂತೇ ಇತ್ತು.

ಅಷ್ಟರಲ್ಲಿ ಗಾಡಿಯ ನೋಂದಣಿಯ ಹದಿನೈದು ವರ್ಷ ಮುಗಿಯುತ್ತ ಬಂತು. ಮುಂದುವರಿಸಬೇಕಾದರೆ ಯಾದಗಿರಿಯ ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ಅಕ್ಕ ಮಂಗಳವಾರಕ್ಕೆ ದಿನ ಗೊತ್ತುಮಾಡಿಕೊಂಡಳು. ಮಾಮಾ ಅವಳಿಗೆ ಹೇಳದೆ ಗುಜರಿಯವನಿಗೆ ಫೋನ್ ಮಾಡಿ ಭಾನುವಾರ ಸಂಜೆ ಬಾ ಎಂದಿದ್ದರು. ಅದು ಗೊತ್ತಾದಾಗ ಅಕ್ಕ ನನಗೆ ಫೋನ್ ಮಾಡಿದಳು. ಅವಳು ಆಡಿದ್ದು ಎರಡೇ ಮಾತು: "ಗಾಡಿ ಅಲ್ಲಾಡವಲ್ದು. ನೀ ಬಾ."

ಶನಿವಾರ ಬೆಳಿಗ್ಗೆ ನಾನು ಸುರಪುರ ಮುಟ್ಟಿದಾಗ ಮಾಮಾ ಶೆಡ್ಡಿನ ಎದುರಿಗೇ ಖುರ್ಚಿ ಹಾಕಿಕೊಂಡು ಕೂತಿದ್ದರು.

"ಬರ್ರಿ ಪ್ರೊಫೆಸರ್ ಸಾಹೇಬ್ರ," ಎಂದರು. "ನಾಳಿ ಸಂಜಿ ಮಟ ಟೈಮ್. ಅಷ್ಟರಾಗ ನಾಕೂ ಗಾಲಿ ಉರುಳಿದ್ರ ಒಯ್ರಿ ಯಾದಗಿರಿಗೆ. ಉರುಳಲಿಲ್ಲಂದ್ರ ಗುಜರಿಯಂವ ಬರತಾನ."

"ಅಷ್ಟ್ಯಾಕ್ರಿ ಅವಸರ?"

"ಅಲ್ಲೋ, ಇನ್ನ ಆ ಗಾಡಿ ಓಡಸೋರು ಯಾರದಾರ?"

"ನಾ ಸತ್ತೀನೇನು?" ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು.

ಬ್ಯಾಟರಿಯನ್ನು ಹಿಂದಿನ ದಿನವೇ ಬದಲಿಸಿದ್ದರಿಂದ ಎಂಜಿನ್ ಎರಡನೆಯ ಸಲಕ್ಕೆ ಹೊತ್ತಿಕೊಂಡಿತು. ಅಕ್ಕ ಹ್ಯಾಂಡ್‌ಬ್ರೇಕ್ ಇಳಿಸಿ, ಗೇರ್ ಹಾಕಿ, ಕ್ಲಚ್ ಬಿಟ್ಟಳು. ಗಾಡಿ ಮೂತಿ ಎತ್ತಿ ನಾಲ್ಕು ಅಡಿ ಮುಂದೆ ಬಂದು ನಿಂತಿತು. ಮುಂದಿನ ಗಾಲಿಗಳು ತಿರುಗಿದ್ದವು. ಹಿಂದಿನವು ತಿರುಗಲೇ ಇಲ್ಲ. ಶೆಡ್ಡಿನ ಮಣ್ಣಿನಲ್ಲಿ ಬಿತ್ತನೆಯ ಸಾಲಿನಂಥ ಎರಡು ಗೀರು ಮೂಡಿದ್ದವು.

"ಕುಂಟಿ ಹೊಡಿಯಾಕತ್ತೀಯೇನ?" ಎಂದರು ಮಾಮಾ. "ತಡಿ, ಹಿಂದ ಬೀಜಾ ಉಗ್ಗಿಕೋತ ಬರತೀನಿ."

ಕಾರಣ ನನಗೆ ತಿಳಿದಿತ್ತು. ಹಿಂದಿನ ಪ್ರತಿ ಗಾಲಿಯ ಒಳಗೂ ಬೋರಲು ಹಾಕಿದ ಬೋಗುಣಿಯಂಥ ಒಂದು ಎರಕದ ಡ್ರಮ್ಮು ಇರುತ್ತದೆ. ಅದರ ಹೊಟ್ಟೆಯೊಳಗೆ ಬಾಗಿದ ಎರಡು ಪಟ್ಟಿಗಳು. ಬ್ರೇಕ್ ಒತ್ತಿದಾಗ ಅವು ಅಗಲವಾಗಿ ಡ್ರಮ್ಮಿಗೆ ಒತ್ತುತ್ತವೆ, ಬಿಟ್ಟಾಗ ಹಿಂದೆ ಸರಿಯುತ್ತವೆ. ಇಲ್ಲಿ ಹ್ಯಾಂಡ್‌ಬ್ರೇಕ್ ಇಳಿದರೂ ಪಟ್ಟಿಗಳು ಸರಿದಿರಲಿಲ್ಲ. ತುಕ್ಕು ಅವುಗಳನ್ನು ಡ್ರಮ್ಮಿಗೆ ಅಂಟಿಸಿಬಿಟ್ಟಿತ್ತು. ಡ್ರಮ್ಮು ಕಳಚಿ ಬಂದರೆ ಮುಂದಿನದು ಸುಲಭ. ಶುಕ್ರವಾರ ಸಂಜೆಯೆಲ್ಲ ಮೊಬೈಲಿನಲ್ಲಿ ಇದರ ವಿಡಿಯೊಗಳನ್ನೇ ನೋಡಿದ್ದೆ. ನೋಡಿದ್ದೆಲ್ಲ ಅರ್ಥವಾಗಿತ್ತು. ಅರ್ಥವಾದದ್ದನ್ನು ಮಾಡಬಲ್ಲೆ ಎಂದುಕೊಳ್ಳುವುದು ಓದಿದವರ ರೋಗ. ನನಗೆ ಅದು ಮೊದಲಿನಿಂದಲೂ ಇದೆ.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ. ಹಿಂದೆ ಜಾಕ್ ಏರಿಸಿ, ಅಡಿಗೆ ದಪ್ಪ ಮರದ ದಿಮ್ಮಿ ಇಟ್ಟೆ. ಎರಡೂ ಗಾಲಿ ಬಿಚ್ಚಿದೆ. ಡ್ರಮ್ಮುಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ನಡುವಿನ ಸಂದಿಗೆಲ್ಲ ಡೀಸೆಲ್ ಬಿಟ್ಟು ಒಂದು ತಾಸು ಕಾದೆ. ಆಮೇಲೆ ಸುತ್ತಲೂ ಹಗುರವಾಗಿ ಬಡಿದೆ. ಆಮೇಲೆ ಅಷ್ಟು ಹಗುರವಾಗಿ ಅಲ್ಲ. ಕೈಸೋತು ನಿಂತಾಗ ಮಾಮಾ ಖುರ್ಚಿ ಬಿಟ್ಟು ಎದ್ದು ಬಂದದ್ದು ನಿಜ, ಸುತ್ತಿಗೆ ಇಸಿದುಕೊಂಡದ್ದೂ ನಿಜ. ನಾನು ಅದನ್ನು ಮತ್ತೆ ಇಸಿದುಕೊಂಡದ್ದೂ ನಿಜವಿರಬೇಕು. ಹೀಗೆ ಕೈಯಿಂದ ಕೈಗೆ ಹೋಗುತ್ತಿದ್ದಾಗ ಎಡಗಡೆಯ ಡ್ರಮ್ಮಿನ ಅಂಚಿನಿಂದ ಹೆಬ್ಬೆರಳಿನಷ್ಟು ಚೂರು ಹಾರಿ ತಗಡಿಗೆ ಬಡಿಯಿತು.

ಸದ್ದಿಗೆ ಅಕ್ಕ ಹೊರಗೆ ಬಂದಳು. ಸುತ್ತಿಗೆ ನೆಲದ ಮೇಲಿತ್ತು. ನಾವಿಬ್ಬರೂ ಅದರಿಂದ ಸಮದೂರದಲ್ಲಿ ನಿಂತಿದ್ದೆವು.

"ಶಾಣ್ಯಾರ," ಎಂದಳು. ಸುತ್ತಿಗೆ ಎತ್ತಿಕೊಂಡು ಒಳಗೆ ಹೋದಳು. ಅದು ಮತ್ತೆ ನಮ್ಮ ಕಣ್ಣಿಗೆ ಬೀಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಬಸ್ ನಿಲ್ದಾಣದ ಹತ್ತಿರದ ಗ್ಯಾರೇಜಿನ ಮಿಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಗ್ಯಾರೇಜು ಮುಚ್ಚಿತ್ತು. ಮನೆಗೆ ಹೋದರೆ, ಅವನು ಇಸ್ತ್ರಿ ಮುರಿಯದ ಬಿಳಿ ಕುರ್ತಾ ಪೈಜಾಮಾ ಹಾಕಿಕೊಂಡು, ಅತ್ತರು ಹಚ್ಚಿಕೊಂಡು ಶಹಾಪುರದ ಮದುವೆಗೆ ಹೊರಟು ನಿಂತಿದ್ದ. ಹುಣಸಗಿಯ ಶಾಲೆಯಲ್ಲಿ ಅಕ್ಕನ ಹತ್ತಿರ ಗಣಿತ ಕಲಿತವನು. ಗಾಡಿ ಯಾರದೆಂದು ಹೇಳಿದೊಡನೆ, "ಅಕ್ಕೋರ ಗಾಡಿಯೇನ್ರಿ? ನಡೀರಿ, ಹತ್ತು ಮಿನಿಟು," ಎಂದು ಬಂದ. ದಾರಿಯಲ್ಲಿ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಕೈಚೌಕದಲ್ಲಿ ಎರಡು ಬೋಲ್ಟು ಸುತ್ತಿ ಜೇಬಿಗೆ ಹಾಕಿಕೊಂಡ.

ಶೆಡ್ಡಿಗೆ ಬಂದವನು ಗಾಡಿಯಿಂದ ಎರಡು ಮಾರು ದೂರ ನಿಂತ. "ನಾ ಮುಟ್ಟಂಗಿಲ್ಲ ಸಾಬ್. ಈ ಬಟ್ಟಿಗೆ ಕಲಿ ಆತಂದ್ರ ಮನ್ಯಾಕಿ ನನ್ನ ಡ್ರಮ್ಮು ಬಿಚ್ಚತಾಳ. ನಾ ಹೇಳತೀನಿ, ನೀವು ಮಾಡ್ರಿ." ಕುತ್ತಿಗೆ ಉದ್ದ ಮಾಡಿ ಎರಡೂ ಡ್ರಮ್ಮು ನೋಡಿದ. ಒಡೆದ ಅಂಚನ್ನೂ ನೋಡಿದ, ಯಾರೆಂದು ಕೇಳಲಿಲ್ಲ. ಬೇರೆಯದನ್ನು ಕೇಳಿದ.

"ಗಾಡಿಗೆ ನೀರು ಹೊಡದವ್ರು ಯಾರ್ರಿ?"

ಮಾಮಾ, "ಖಂಡೇನವಮಿಗೆ ಗಾಡಿ ತೊಳಿಬಾರದೇನೋ?" ಎಂದರು.

"ತೊಳೀರಿ. ತೊಳದು?"

"ತೊಳದು ಏನ್ ಮಾಡತಾರ? ಪೈಪ್ ಹಿಡದು ಗಾಲಿಗೀಲಿ ಎಲ್ಲಾ ಸ್ವಚ್ಛ ಮಾಡಿದೆ. ಉರುಳಬಾರದಂತ ಬ್ರೇಕ್ ಜಗ್ಗಿದೆ. ಇಭೂತಿ, ಕುಂಕುಮ, ಹೂವು ಏರಿಸಿ ಪೂಜಿ ಮಾಡಿದೆ. ನಾಕೂ ಗಾಲಿ ಬುಡಕ ನಿಂಬಿಹಣ್ಣು ಇಟ್ಟೆ."

"ಆ ಹಣ್ಣು ತುಳಸಿದ್ರ್ಯೋ ಇಲ್ಲೋ?"

"ಯಾರು ತುಳಸಬೇಕು? ನಂಗ ಓಡಸಾಕ ಬರಂಗಿಲ್ಲ. ಈಕಿ ಕಣ್ಣಿಗೆ ಪಟ್ಟಿ ಹಾಕ್ಕೊಂಡು ಮಲಗಿದ್ದಳು."

"ಮರು ವರ್ಷ?"

"ಮರು ವರ್ಷನೂ ಹಂಗ ಆತು."

ಮಿಸ್ತ್ರಿ ತಲೆಯಾಡಿಸಿದ. "ಅದ ನೋಡ್ರಿ. ಹಣ್ಣು ತುಳಿಸಿ ಒಂದು ಸುತ್ತು ಹೊಡದು ಬಂದಿದ್ರ ಬ್ರೇಕ್ ಬಿಸಿ ಆಗಿ ಒಣಗತಿತ್ತು. ನೀವು ಹಸೀದು ಹಂಗ ಕಟ್ಟಿಹಾಕೀರಿ. ಅದಕ್ಕ ಜಂಗ್ ಹಿಡದು ಕಚ್ಚಿಕೊಂಡದ."

ಆ ಆಯುಧಪೂಜೆಗಳು ನಡೆದಾಗ ನಾನು ಅಲ್ಲಿರಲಿಲ್ಲ. ಆದರೆ ಗಾಲಿ ಬಿಚ್ಚುವಾಗ ನೆಲದಲ್ಲಿ ಕಪ್ಪು ಗೋಲಿಯಂಥದೊಂದು ಉರುಳಿದ್ದು ನೆನಪಿದೆ, ಅಥವಾ ಈ ಮಾತು ಕೇಳಿದ ಮೇಲೆ ನೆನಪಾಗಿದೆ. ಈ ಎರಡರ ವ್ಯತ್ಯಾಸವನ್ನು ನನ್ನಿಂದ ಹೇಳಲಾಗದು.

ಅಕ್ಕ ಮಾಮಾನ ಮುಖವನ್ನೇ ನೋಡುತ್ತಿದ್ದಳು. "ಗುಜರಿಗೆ ಹಾಕೋ ಗಾಡಿಗೆ ಪೂಜಿ ಯಾಕ ಮಾಡಿದ್ರಿ?"

"ಗಾಡಿ ಮ್ಯಾಲ ನಂಗೇನು ಸಿಟ್ಟದ?" ಎಂದರು ಮಾಮಾ. ಆಮೇಲೆ, "ನಿನ್ನ ಕಣ್ಣಿಂದು ಅಂಜಿಕಿ," ಎಂದರು.

"ಡಾಕ್ಟರು ನೋಡ್ಯಾರ. ಓಡಸಬಹುದು ಅಂತ ಬರದು ಕೊಟ್ಟಾರ. ನೀವು ಆ ಚೀಟಿ ಓದೇ ಇಲ್ಲ."

"ಮೂರು ಸಲ ಓದೀನಿ. ಓದಿದ್ರ ಅಂಜಿಕಿ ಹೋಗತದೇನು?"

ಮಿಸ್ತ್ರಿ ಕೆಮ್ಮಿದ. ಅವನಿಗೆ ಬಸ್ಸು ಹಿಡಿಯಬೇಕಿತ್ತು. ದೂರದಿಂದಲೇ ಬೆರಳು ಮಾಡಿ, ಡ್ರಮ್ಮಿನ ಮುಖದ ಮೇಲೆ ಎದುರುಬದುರಾಗಿದ್ದ ಎರಡು ಕುಳಿ ತೋರಿಸಿದ. ಮಣ್ಣು ಮೆತ್ತಿಕೊಂಡು ಮುಚ್ಚಿಹೋಗಿದ್ದ ಅವನ್ನು ನಾನು ಶನಿವಾರವಿಡೀ ನೋಡಿಯೂ ನೋಡಿರಲಿಲ್ಲ. ಮೊಳೆಯಿಂದ ಕೆರೆದಾಗ ಒಳಗೆ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕಂಡಿತು. ಅವನ ಬೋಲ್ಟುಗಳು ಆ ಮರೆಗೆ ಸರಿಯಾಗಿ ಕೂತವು.

"ಮೊದಲ ಹಿಂದಿನ ತೂತಿನ್ಯಾಗ ಸ್ಕ್ರೂಡ್ರೈವರ್ ಹಾಕಿ ಪಟ್ಟಿ ಸಡ್ಲ ಮಾಡ್ರಿ. ಆಮ್ಯಾಲ ಈ ಎರಡು ಬೋಲ್ಟು. ಇವು ಹಿಂದಿನ ತಟ್ಟಿಗೆ ಒದ್ದು ಡ್ರಮ್ಮನ್ನ ಹೊರಗ ತಳ್ಳತಾವ. ಒಂದು ಸಾಬ್ ಹಿಡೀರಿ, ಒಂದು ಅಕ್ಕೋರು ಹಿಡೀಲಿ. ಅರ್ಧ ಸುತ್ತು ಇವ್ರು, ಅರ್ಧ ಸುತ್ತು ಅವ್ರು. ಒಬ್ರು ಮುಂದ ಓಡಿದ್ರ ಡ್ರಮ್ಮು ಸೊಟ್ಟ ಆಗಿ ಮತ್ತ ಕಚ್ಚತದ. ಅರ್ಧ ಅಂದ್ರ ಏನಂತ ಅಕ್ಕೋರು ನನಗ ಬಡದು ಕಲಿಸ್ಯಾರ, ನಿಮಗೂ ಕಲಸತಾರ."

"ನಾ ಯಾವತ್ತ ಬಡದಿದ್ದೆನೋ?" ಎಂದಳು ಅಕ್ಕ.

"ಹೋಗಲಿ ಬಿಡ್ರಿ, ಪಾಠ ಬಂತಲ್ಲ," ಎಂದು ನಗುತ್ತ ಅವನು ಶಹಾಪುರಕ್ಕೆ ಹೋದ.

ಮಧ್ಯಾಹ್ನದ ಊಟ ಮುಗಿಸಿ ಬಲಗಡೆಯಿಂದ ಶುರುಮಾಡಿದೆವು. ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲದ ಮೇಲೆ ಕೂತು, ಹದಿಮೂರನೆಯ ನಂಬರಿನ ಪಾನಾ ಹಿಡಿದಳು. ನನ್ನ ಕೈಯಲ್ಲಿ ಇನ್ನೊಂದು ಸ್ಪ್ಯಾನರ್. ಮಾಮಾ ಹತ್ತಿರ ಬಂದು ನಿಂತು, ಯಾರೂ ಕೇಳದಿದ್ದರೂ ಎಣಿಸತೊಡಗಿದರು. "ಒಂದು. ಈಗ ನೀನು. ಎರಡು. ಈಗ ನೀನು."

"ಅದು ಅರ್ಧ ಅಲ್ಲ, ಮುಕ್ಕಾಲು," ಎಂದು ಅಕ್ಕ ನನ್ನನ್ನು ತಡೆದಳು. "ಹಿಂದಕ್ಕ ತಗೋ."

"ಅವಸರ ಅವನಿಗೆ," ಎಂದರು ಮಾಮಾ. "ಇತಿಹಾಸದಾಗ ನೂರು ವರ್ಷ ಒಂದ ಪುಟದಾಗ ಮುಗಸತಾರಲ್ಲ."

ಬಲಗಡೆಯದು ಬೇಗ ಬಂತು. ಒಳಗೆ ಮೆಣಸಿನ ಪುಡಿಯಂತೆ ಕೆಂಪು ತುಕ್ಕು. ಆದರೆ ಒಡೆದ ಅಂಚಿನ ಎಡಗಡೆಯದು ಹಠ ಹಿಡಿಯಿತು. ಬೋಲ್ಟು ತಿರುಗಿಸಿದಷ್ಟೂ ಬಿಗಿಯಾಗುತ್ತಿತ್ತು, ಡ್ರಮ್ಮು ಮಾತ್ರ ಇದ್ದಲ್ಲೇ ಇತ್ತು. ಇನ್ನೊಂದು ಸುತ್ತು ತಿರುಗಿಸಿದರೆ ಬೋಲ್ಟೇ ಮುರಿಯುತ್ತದೆ ಎನ್ನಿಸಿ ನಾನು ಕೈ ತೆಗೆದೆ. ಮತ್ತಷ್ಟು ಡೀಸೆಲ್ ಬಿಟ್ಟೆವು, ಚಹಾ ಕುಡಿದೆವು, ಮತ್ತೆ ಕೂತೆವು. ಬಿಸಿಲು ಶೆಡ್ಡಿನ ಹೊರಗೆ ಸರಿದಿತ್ತು. ಆಗ ಮಾಮಾನ ಫೋನ್ ರಿಂಗಾಯಿತು. ಗುಜರಿಯವನು, ಟೆಂಪೊ ತೆಗೆದುಕೊಂಡು ಹೊರಡಲೇ ಎಂದು ಕೇಳುತ್ತಿದ್ದ.

ಅಕ್ಕ ಪಾನಾ ಹಿಡಿದ ಕೈ ಹಾಗೇ ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ಡ್ರಮ್ಮು ಇನ್ನೂ ಬಂದಿರಲಿಲ್ಲ. ಮಾಮಾ ಹಾಕಿದ ಕರಾರಿನ ಪ್ರಕಾರ ನಾವು ಸೋತಿದ್ದೆವು.

"ಇವತ್ತ ಬ್ಯಾಡ," ಎಂದರು ಮಾಮಾ ಫೋನಿಗೆ. "ಹಾಂ? ಇಲ್ಲ, ನಾಳಿನೂ ಬ್ಯಾಡ. ಬ್ಯಾಡಂದ್ನೆಲ್ಲ, ಇಡು." ಫೋನ್ ಜೇಬಿಗೆ ಹಾಕಿ ನಮ್ಮತ್ತ ತಿರುಗಿ, "ಎಷ್ಟು ಎಣಿಸಿದ್ದೆ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಒಟ್ಟು ಎಷ್ಟು ಅರ್ಧಸುತ್ತು ಎಂಬ ಪ್ರಶ್ನೆಗೆ ಈಗಲೂ ಮೂವರದು ಮೂರು ಉತ್ತರ.

"ಮತ್ತ ಒಂದರಿಂದ ಎಣಸ್ರಿ," ಎಂದಳು ಅಕ್ಕ.

ಮತ್ತೆ ಒಂದರಿಂದ ಶುರುವಾಯಿತು. ಅದು ಬಂದದ್ದು ಅಕ್ಕನ ಸರದಿಯಲ್ಲಿ. ಟಣ್ ಎಂದು ಗಂಟೆ ಬಾರಿಸಿದಂಥ ಸದ್ದು. ಡ್ರಮ್ಮು ಎರಡು ಬೆರಳಿನಷ್ಟು ಹೊರಗೆ ಜಾರಿ ನಿಂತಿತು. ನಾನು ಎರಡೂ ಕೈಯಿಂದ ಹಿಡಿದು ಎಳೆದು ನೆಲಕ್ಕಿಟ್ಟೆ. ಮಾಮಾ ಬೂಟಿನ ತುದಿಯಿಂದ ಅದನ್ನು ಒಮ್ಮೆ ಮುಟ್ಟಿ ನೋಡಿ, ಕೈ ತೊಳೆಯಲು ನೀರು ತರಲು ಹೋದರು.

ಸೋಮವಾರ ಮಿಸ್ತ್ರಿ ಮಾಮೂಲಿ ಬಟ್ಟೆಯಲ್ಲಿ ಬಂದು ಎರಡೂ ಕಡೆ ಹೊಸ ಪಟ್ಟಿ ಹಾಕಿದ. ಒಡೆದದ್ದನ್ನು ಹಾಕಿ ಅಕ್ಕೋರನ್ನು ರಸ್ತೆಗೆ ಬಿಡಲಾರೆ ಎಂದು ಎಡಗಡೆಗೆ ಬೇರೆ ಡ್ರಮ್ಮನ್ನೇ ತಂದಿದ್ದ. ಮಂಗಳವಾರ ಅಕ್ಕ ಓಡಿಸಿದಳು. ನಾನು ಅವಳ ಪಕ್ಕ ಕೂತೆ. ಮಾಮಾ ತಾವಾಗಿಯೇ ಬಂದು ಹಿಂದೆ ಕೂತರು. ಶಹಾಪುರದವರೆಗೆ ಪ್ರತಿಯೊಂದು ಎತ್ತು, ಟ್ರ್ಯಾಕ್ಟರು, ರಸ್ತೆ ಉಬ್ಬು ಅಕ್ಕನಿಗೆ ಕಾಣುವ ಮೊದಲೇ ಅವರಿಗೆ ಕಾಣುತ್ತಿತ್ತು.

"ಬ್ರೇಕ್ ಹಾಕು."

"ಹಾಕೀನಿ."

"ಇನ್ನೊಂದಿಷ್ಟು ಹಾಕು."

"ನೀವು ಹಿಂದ ಕಾಲು ಒತ್ತಾಕತ್ತೀರಿ, ಅದರಿಂದ ಗಾಡಿ ನಿಂದ್ರಂಗಿಲ್ಲ."

ಯಾದಗಿರಿಯಲ್ಲಿ ಅಧಿಕಾರಿ ಚಾಸಿಸ್ ನಂಬರು ನೋಡಿದರು, ದೀಪ ನೋಡಿದರು, ಕಚೇರಿಯ ಎದುರು ಒಮ್ಮೆ ಓಡಿಸಿ ಬ್ರೇಕ್ ಹಾಕಲು ಹೇಳಿದರು. ಗಾಡಿ ಬ್ರೇಕ್ ಹಾಕಿದ ಜಾಗದಲ್ಲೇ ನಿಂತಿತು. ಇನ್ನು ಐದು ವರ್ಷ ಅದು ರಸ್ತೆಯ ಮೇಲಿರಬಹುದು ಎಂದಾಯಿತು.

ನಾನು ಅಲ್ಲೇ ಉಳಿಯಬೇಕಿದ್ದವನು, ಎಡಗಡೆ ಹಿಂದಿನ ಗಾಲಿಯಿಂದ ಸರ್ ಸರ್ ಎಂಬ ಸದ್ದು ಕೇಳಿಸಿದ್ದರಿಂದ ಅವರ ಜೊತೆ ವಾಪಸ್ ಹೊರಟೆ. ಭೀಮೆಯ ಸೇತುವೆ ದಾಟಿ ದೋರನಹಳ್ಳಿ ಇನ್ನೂ ಮುಂದಿರುವಾಗ ಹಿಂದಿನ ಸೀಟಿನಿಂದ ಮಾತು ನಿಂತಿತ್ತು, ತಿರುಗಿ ನೋಡಿದರೆ ಮಾಮಾ ಕಿಟಕಿಗೆ ತಲೆ ಆನಿಸಿ ಗಾಢವಾಗಿ ಮಲಗಿದ್ದರು ಎಂಬುದು ನನ್ನ ನೆನಪು. ಮಾಮಾ ಇದನ್ನು ಒಪ್ಪುವುದಿಲ್ಲ. "ಕಣ್ಣು ಮುಚ್ಚಿದ್ದೆ. ಮಲಗಿದ್ದಿಲ್ಲ. ಈಕಿ ಓಡಸೋಮುಂದ ನಂಗ ನಿದ್ದಿ ಹ್ಯಾಂಗ ಬರಬೇಕು?" ಎನ್ನುತ್ತಾರೆ. ನನಗೂ ಅನುಮಾನವಿತ್ತು. ಅಷ್ಟು ಅಂಜಿದ ಮನುಷ್ಯ ಮೂರೇ ದಿನದಲ್ಲಿ ಹೆಂಡತಿಯ ಹಿಂದೆ ಕೂತು ನಿದ್ದೆ ಹೋದ ಎಂಬುದು ತುಂಬ ಒಪ್ಪವಾಗಿದೆ. ಅಂಥದ್ದನ್ನು ನೆನಪು ತಾನೇ ಹೆಣೆದುಕೊಳ್ಳುತ್ತದೆ.

ಕಳೆದ ತಿಂಗಳು ಮೊಬೈಲು ಬದಲಿಸುವಾಗ ಆ ದಿನದ ಒಂದು ಧ್ವನಿಮುದ್ರಣ ಸಿಕ್ಕಿತು. ಗಾಲಿಯ ಸದ್ದನ್ನು ಮಿಸ್ತ್ರಿಗೆ ಕಳಿಸಲೆಂದು ಮಾಡಿಕೊಂಡದ್ದು. ಮುಕ್ಕಾಲು ನಿಮಿಷಕ್ಕಿಂತ ಹೆಚ್ಚಿಲ್ಲ. ಮೂರು ಸಲ ಕೇಳಿದೆ. ಗಾಲಿಯ ಸರ್ ಸರ್ ಅದರಲ್ಲಿ ಸರಿಯಾಗಿ ಕೇಳುವುದಿಲ್ಲ. ಅಕ್ಕ ಒಂದು ಸಲ ಹಾರ್ನ್ ಹೊಡೆಯುತ್ತಾಳೆ, ಗೇರ್ ಬದಲಿಸುತ್ತಾಳೆ. ಉಳಿದಂತೆ ಮೊದಲಿನಿಂದ ಕೊನೆಯವರೆಗೆ ಕೇಳುವುದು ಮಾಮಾನ ಗೊರಕೆ.