ಕಾಯಿಯನ್ನು ಕಿವಿಗೆ ಹಿಡಿದವರು ಯಾರು

ಅಥವಾ, ಆಟದಲ್ಲಿ ನನ್ನ ಪಾತ್ರ ಈಗೇನು ಮಾಡುತ್ತದೆ ಎಂದು ಮೇಷ್ಟ್ರು ಕೇಳುವ ಮೊದಲೇ ನಾನು ಕಾಯಿ, ಕಿವಿ ಎಂದು ಟೈಪ್ ಮಾಡಿಬಿಟ್ಟಿದ್ದೆನೋ ಏನೋ. ನೆನಪಿನಲ್ಲಿ ಎಲ್ಲವೂ ಸಲೀಸಾಗಿ ಒಂದರ ಹಿಂದೆ ಒಂದು ಬರುತ್ತದೆ. ಅದಕ್ಕೇ ನನಗೆ ಅನುಮಾನ. ಆಗಿನ ಫೋನ್ ಕೆಟ್ಟು ಆ ಚಾಟ್ ಪೂರ್ತಿ ಹೋಯಿತು. ಭಾನುವಾರ ಮಧ್ಯಾಹ್ನ ಅನ್ನುವುದು ಮಾತ್ರ ಖಚಿತ. ಅದೂ ನಾವು ಆಡುತ್ತಿದ್ದುದೇ ಭಾನುವಾರ ಮಧ್ಯಾಹ್ನವಾದ್ದರಿಂದ.

ನಾವು ಮೂವರು. ಮಾಯಸಂದ್ರದ ಹತ್ತಿರ ನಾನು, ತಿಪಟೂರಿನ ಕೊಬ್ಬರಿ ಅಂಗಡಿಯಲ್ಲಿ ನನ್ನ ಗೆಳತಿ, ದಬ್ಬೇಘಟ್ಟದಲ್ಲಿ ಆಟ ನಡೆಸುವ ಮೇಷ್ಟ್ರು. ಆಟವೆಂದರೆ ಫೋನಿನಲ್ಲೇ ಕಟ್ಟುವ ಕಥೆ: ನಾವಿಬ್ಬರು ಒಂದೊಂದು ಪಾತ್ರ, ಅದರಿಂದ ಏನಾಯಿತು ಎಂದು ಹೇಳುವವರು ಮೇಷ್ಟ್ರು. ಪಾತ್ರಗಳು ಮಾಡುವುದನ್ನೆಲ್ಲ ಚಾಟ್‌ನಲ್ಲಿ ಬರೆಯಬೇಕು. ನಮ್ಮ ಸ್ವಂತ ಮಾತು ಕಾಲ್‌ನಲ್ಲಿ. ಇದ್ದ ಕಟ್ಟುನಿಟ್ಟಿನ ನಿಯಮ ಒಂದೇ: ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಅದು ಆಟದೊಳಗೆ ಬರಕೂಡದು. ಬಂದರೆ ಆ ನಡೆ ರದ್ದು.

ನನ್ನ ಪಾತ್ರ ಮರಳುಗಾಡಿನಲ್ಲಿ ಒಂಟೆ ಮೇಯಿಸಿಕೊಂಡಿದ್ದ ಹೆಂಗಸು. ಗೆಳತಿಯದು ಮುದಿ ನಕ್ಷೆಗಾರ, ಆಟದಲ್ಲಿ ಗೆಳತಿ ಎರಡು ವರ್ಷ ಸಾಕಿಕೊಂಡು ಬಂದಿದ್ದ ಜೀವ. ಆ ದಿನ ಅವನು, ಹಡಗೊಂದು ಇಬ್ಬರನ್ನೂ ಇಳಿಸಿಹೋದ ದ್ವೀಪದ ಪಾಳುಮನೆಯಲ್ಲಿ ಬಾಯಾರಿ ಸಾಯುತ್ತಿದ್ದ. ಅಲ್ಲಿ ಮೂರು ತೆಂಗಿನಕಾಯಿ. ಒಂದನ್ನು ಒಡೆಯುವಷ್ಟು ಹೊತ್ತು ಮಾತ್ರ ಇದೆ. ನೀರಿಲ್ಲದ್ದನ್ನು ಒಡೆದರೆ ಮುದುಕ ಮುಗಿದ.

'ಅವಳು ಕಾಯಿಯನ್ನು ಕಿವಿಗೆ ಹಿಡಿದು ಅಲುಗಾಡಿಸಿದಳು' ಎಂದು ಬರೆದೆ.

ಮೇಷ್ಟ್ರು ಬರೆದರು: 'ಎರಡರಲ್ಲಿ ಲೊಡಲೊಡ. ಒಂದರಲ್ಲಿ ಗುಳುಗುಳು.'

ಗುಳುಗುಳು ಎಂದರೆ ನೀರು! 'ಗುಳುಗುಳು ಅಂದದ್ದನ್ನು ಒಡೆದಳು' ಎಂದು ಬೆರಳು ಓಡುತ್ತಿತ್ತು. ಅಷ್ಟರಲ್ಲಿ ಕಾಲ್‌ನಲ್ಲಿ ಗೆಳತಿ.

"ತಾಳೇ! ನಿನ್ನ ಒಂಟೆಯವ್ಳು ತೆಂಗಿನಕಾಯ್ನ ಯಾವಾಗ ಕಂಡಿದ್ಲು?"

"ಹಡಗಿನೋರು ಹೇಳಿದ್ರಲ್ಲ, ಅದ್ರೊಳಗೆ ನೀರಿರುತ್ತೆ ಅಂತ."

"ನೀರಿರುತ್ತೆ ಅಂದ್ರು. ಕಿವಿಗಿಟ್ಕೊಂಡು ಆಡ್ಸು ಅಂದ್ರಾ? ಅದು ನಿಮ್ಮಪ್ಪ ಕಲ್ಸಿದ್ದು ಕಣೇ."

ಹೌದು. ನಮ್ಮ ಕಡೆ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ, ನೀರು ಇಂಗಿ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಸದ್ದು ಮಾಡುವವರೆಗೆ. ಕೈಗೆ ಕಾಯಿ ಬಂತೆಂದರೆ ಅದು ತಾನಾಗಿ ಕಿವಿಗೆ ಹೋಗುತ್ತದೆ.

"ಅಯ್ಯೋ, ನಾನೂ ಸದ್ದು ಬರ್ಕೊಟ್ಟು ಕೂತಿದೀನಲ್ಲ!" ಮೇಷ್ಟ್ರು ನಕ್ಕರು. "ರದ್ದು ಕಣ್ರೀ."

"ಬುಡೇ, ಸಾಯ್ತಾನೆ ನಿನ್ನ ಮುದುಕ," ಎಂದೆ.

"ಸತ್ರೆ ಸಾಯ್ಲಿ. ನಮ್ಮ ಕೊಬ್ರಿ ಬುದ್ಧೀಲಿ ಬದುಕೋದು ಬ್ಯಾಡ ಅವ್ನು." ಹೇಳಿದವಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಅಥವಾ ಕುಕ್ಕಿದಳೆಂದು ನಾನು ಈಗ ಸೇರಿಸುತ್ತಿದ್ದೇನೆ.

ಮೇಷ್ಟ್ರು ಕಾಯಿಗಳನ್ನು ಅದಲುಬದಲು ಮಾಡಿದರು. ಈಗ ನನ್ನವಳಿಗೆ ಕಿವಿ ಇಲ್ಲ. ಬೇರೇನಿದೆ? ಫೋನ್ ಹಿಡಿದು ಅಂಗಳವೆಲ್ಲ ತಿರುಗಿದೆ. ಅವಳು ಯಾರು? ದಿನವೂ ಒಂಟೆಯ ಮೇಲೆ ನೀರಿನ ತೊಗಲುಚೀಲ ಹೇರುತ್ತಿದ್ದವಳು. ಯಾವುದು ತುಂಬಿದೆ, ಯಾವುದು ಸೋರಿದೆ ಎಂದು ಎತ್ತಿ ನೋಡಿಯೇ ತಿಳಿಯುತ್ತಿದ್ದವಳು. ತೂಕ!

'ಅವಳು ಮೂರನ್ನೂ ಒಂದೊಂದಾಗಿ ಎತ್ತಿದಳು. ಭಾರವಾದದ್ದನ್ನು ಒಡೆದಳು.'

ಕಾಲ್‌ನಲ್ಲಿ ಗೆಳತಿಯ ಅಂಗಡಿಯ ಫ್ಯಾನಿನ ಸದ್ದು. ಆಮೇಲೆ ಚಾಟ್‌ನಲ್ಲಿ ಮೇಷ್ಟ್ರು: 'ಮುದುಕನ ತುಟಿ ಒದ್ದೆಯಾಯಿತು.'

ಗೆಳತಿ ಕಿರುಚಿದ್ದಕ್ಕೆ ಅವಳ ಅಂಗಡಿಯಲ್ಲಿ ಯಾರೋ "ಏನಾಯ್ತಮ್ಮ?" ಎಂದರು. ನಾನೂ ಅಂಗಳದಲ್ಲಿ ಒಬ್ಬಳೇ ಕುಣಿದೆ.

ಆಮೇಲೆ ಗೆಳತಿ ಕೇಳಿದಳು: "ನಿಜ ಹೇಳು. ಎತ್ತಿ ನೋಡಿದ್ದು ಅವ್ಳಾ, ನೀನಾ?"

"ಅವ್ಳೇ ಕಣೇ," ಎಂದೆ.

ಆದರೆ ನೀರಿಲ್ಲದ ಕಾಯಿ ಹಗುರ ಎನ್ನುವುದೂ ನನಗೆ ಮೊದಲೇ ಗೊತ್ತಿತ್ತು. ಆ ತೊಗಲುಚೀಲ ಒಂಟೆಯವಳಿಗೇ ನೆನಪಾಯಿತೋ, ಉತ್ತರ ಗೊತ್ತಿದ್ದ ನಾನು ಹುಡುಕಿ ತಂದು ಅವಳ ಕೈಗೆ ಕೊಟ್ಟೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.