ನಾಲ್ಕನೆಯ ಗೆಣ್ಣು

ನಮ್ಮ ಊರಿನಲ್ಲಿ ನನ್ನನ್ನು ಲೆಕ್ಕ ಬಾರದ ಹುಡುಗಿ ಎಂದೇ ನೆನಪಿಟ್ಟುಕೊಂಡಿರುವ ಒಬ್ಬಿಬ್ಬರು ಮುದುಕಿಯರು ಇನ್ನೂ ಇದ್ದಾರೆ. ಮುಂದೆ ನಾನು ಲೆಕ್ಕದ ಟೀಚರೇ ಆಗಿ ಅದರಲ್ಲೇ ತಲೆ ನರೆಸಿಕೊಂಡೆ ಎಂದರೆ, "ಮೇಷ್ಟ್ರು ರಜದಾಗೂ ಬುಡದೆ ನಿನ್ನ ಕೂರಿಸ್ಕಂಡು ತಿದ್ದಿದ್ರಲ್ಲವ್ವಾ, ಅದ್ಕೇ ಬಂತು" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಆ ರಜೆಗಳಲ್ಲಿ ತಿದ್ದುತ್ತಿದ್ದವರು ಯಾರು, ತಿದ್ದಿಸಿಕೊಳ್ಳುತ್ತಿದ್ದವರು ಯಾರು ಎಂಬುದನ್ನು ಅಪ್ಪ ಇರುವ ತನಕ ಬಾಯಿ ಬಿಡುವ ಹಾಗಿರಲಿಲ್ಲ.

ಮೇಷ್ಟ್ರು ಅಂದರೆ ನಮ್ಮಪ್ಪ. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಕಡೆಗೆ ಹೋಗುವ ಕಾಡುದಾರಿಯಲ್ಲಿ ನಮ್ಮ ಊರು. ಒಂದೇ ಕೋಣೆಯ ಶಾಲೆ, ಅದಕ್ಕೆ ಒಬ್ಬನೇ ಮೇಷ್ಟ್ರು. ಓದಿದವರು ಯಾರೂ ಆ ಬೆಟ್ಟಕ್ಕೆ ಬರಲು ಒಪ್ಪದೆ ಇದ್ದುದರಿಂದ ಐದನೇ ಕ್ಲಾಸು ಓದಿದ್ದ ಅಪ್ಪನಿಗೇ ಆ ಕೆಲಸ ಸಿಕ್ಕಿತ್ತು. ಹದಿನೈದು ವರ್ಷ ಯಾರೂ ಕೇಳಿರಲಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಂದು ದಿನ ಇನ್‌ಸ್ಪೆಕ್ಟರು ಎತ್ತಿನ ಗಾಡಿಯಲ್ಲಿ ಬಂದು, ಬರುವ ಬೇಸಗೆಯೊಳಗೆ ಎಂಟನೇ ಕ್ಲಾಸಿನ ಪರೀಕ್ಷೆ ಪಾಸು ಮಾಡಬೇಕು, ಇಲ್ಲದಿದ್ದರೆ ಬೇರೆಯವರನ್ನು ಹಾಕುತ್ತೇವೆ ಎಂದು ಹೇಳಿ, ಮಜ್ಜಿಗೆ ಕುಡಿದು ಹೋದರು.

ಕನ್ನಡ, ಚರಿತ್ರೆ, ಭೂಗೋಳದ ಬಗ್ಗೆ ಅಪ್ಪನಿಗೆ ಹೆದರಿಕೆ ಇರಲಿಲ್ಲ. ಲೆಕ್ಕ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೆಲ್ಲ ನೀರು ಕುಡಿದಂತೆ ಹೇಳುತ್ತಿದ್ದ. ಆದರೆ ಪುಸ್ತಕದ ಲೆಕ್ಕ ಕಂಡರೆ ಮುಖ ಸಣ್ಣದಾಗುತ್ತಿತ್ತು.

ನಾನಾಗ ದೇಂಕಣಿಕೋಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲಿನ ಏಳನೇ ಕ್ಲಾಸಿನಲ್ಲಿದ್ದೆ. ಲೆಕ್ಕದಲ್ಲಿ ನಾನೇ ಮೊದಲು. ಅದರ ಜಂಬವೂ ಇತ್ತು, ಕೋಪವಂತೂ ಮೂಗಿನ ತುದಿಯಲ್ಲೇ ಇತ್ತು. ದಸರಾ ರಜಕ್ಕೆ ಊರಿಗೆ ಬಂದ ಮಾರನೆಯ ದಿನ ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ, ಯಾರಾದರೂ ಇದ್ದಾರೆಯೇ ಎಂದು ಬೇಲಿಯ ಕಡೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

"ನಂಗೆ ವಸಿ ಲೆಕ್ಕ ಹೇಳ್ಕೊಡ್ತೀಯೇನಮ್ಮ?"

ನನಗೆ ನಗು ಬಂತು. ಅಪ್ಪ ನಗಲಿಲ್ಲ.

ಊರಿಗೆ ತಿಳಿಯಬಾರದು ಎಂಬುದು ಮೊದಲ ಷರತ್ತು. ಬೆತ್ತ ಹಿಡಿದು ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸುವ ಮೇಷ್ಟ್ರು ಹನ್ನೆರಡು ವರ್ಷದ ಮಗಳ ಮುಂದೆ ಸ್ಲೇಟು ಹಿಡಿದು ಕೂರುವುದನ್ನು ಯಾರು ಕಂಡರೂ ಮಾನ ಹೋಯಿತಲ್ಲ. ಸೀಮೆಎಣ್ಣೆ ಸಿಗದ ಕಾಲವಾದ್ದರಿಂದ ದೀಪದ ಮಾತೇ ಇರಲಿಲ್ಲ, ಓದುವುದೆಲ್ಲ ಹಗಲಿನಲ್ಲೇ ಆಗಬೇಕಿತ್ತು. ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಕಾವಲು ಕಾಯುತ್ತಿದ್ದಳು. ಬೇಲಿಯಾಚೆ ಯಾರಾದರೂ ಬಂದರೆ ಅವಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ಕೇಳಿದ್ದೇ ಸ್ಲೇಟು ಅಪ್ಪನ ತೊಡೆಯಿಂದ ನನ್ನ ತೊಡೆಗೆ ಬರುತ್ತಿತ್ತು, ಅಪ್ಪನ ದನಿ ಏರುತ್ತಿತ್ತು.

"ಎಲ್ಲಿ, ಹದಿನಾರೊಂಬತ್ಲಿ ಎಷ್ಟು?"

"ನೂರನಲವತ್ನಾಲ್ಕು" ಎಂದು ನಾನು ಥಟ್ಟನೆ ಹೇಳಿಬಿಟ್ಟೆ ಮೊದಲ ಸಲ. ಬಂದವರು ಹೋದ ಮೇಲೆ ಅಪ್ಪ, "ಅಷ್ಟು ಬಿರ್ರನೆ ಹೇಳ್ಬ್ಯಾಡ ಕಣಮ್ಮ. ಲೆಕ್ಕ ಬರೋಳಿಗೆ ಯಾಕೆ ಹೇಳ್ಕೊಡ್ತಾವ್ನೆ ಅನ್ಕಂತಾರೆ" ಎಂದ. ಅಂದಿನಿಂದ ಯಾರು ಬಂದರೂ ನಾನು ತಡವರಿಸುವುದನ್ನು ಕಲಿತೆ. ತಲೆ ಕೆರೆದುಕೊಳ್ಳುತ್ತಿದ್ದೆ, ತಪ್ಪು ಹೇಳುತ್ತಿದ್ದೆ, ಅಪ್ಪ ಗದರುತ್ತಿದ್ದ. ಮೇಷ್ಟ್ರ ಮಗಳು ದಡ್ಡಿ ಎಂಬ ಹೆಸರು ನನಗೆ ಹೀಗೆ ಬಂತು.

ಕಲಿಸುವುದು ಸುಲಭ ಎಂದುಕೊಂಡಿದ್ದೆ. ದೇಂಕಣಿಕೋಟೆಯ ಶಾಲೆಯಲ್ಲಿ ಪಾಠವೆಲ್ಲ ತಮಿಳಿನಲ್ಲಿ, ನನ್ನ ಪುಸ್ತಕವೂ ತಮಿಳಿನದು, ಅದನ್ನು ಕನ್ನಡ ಮಾಡಿ ಹೇಳಬೇಕಿತ್ತು. ಅದಾದರೂ ಆಗುತ್ತಿತ್ತು. ಅಪ್ಪ ಲೆಕ್ಕದ ಜೊತೆ ಜಗಳಕ್ಕೆ ನಿಲ್ಲುತ್ತಿದ್ದನಲ್ಲ, ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ. ಆರು ಆಳು ಒಂದು ಬಾವಿಯನ್ನು ಹನ್ನೆರಡು ದಿನದಲ್ಲಿ ತೋಡಿದರೆ ಎಂಟು ಆಳು ಎಷ್ಟು ದಿನದಲ್ಲಿ ತೋಡುತ್ತಾರೆ? ಒಂಬತ್ತು ದಿನ ಎಂದು ಬರೆದು ಮುಂದಕ್ಕೆ ಹೋಗುವ ಬದಲು ಅಪ್ಪ ಬಳಪ ಕೆಳಗಿಟ್ಟ.

"ಎಲ್ಲಿ ಬಾವಿ?"

"ಎಲ್ಲೋ ಒಂದು ಬಾವಿ, ಅಪ್ಪ."

"ನಮ್ಮ ಕಡೆ ಬಾವಿಯಾದ್ರೆ ಹತ್ತಡಿಗೆ ಬಂಡೆ ಬತ್ತೈತೆ. ಇನ್ನೂ ಒಂದು ಮಾತು. ಎಂಟು ಜನ ಒಂದೇ ಬಾವಿಗೆ ಇಳಿದ್ರೆ ಗುದ್ದಲಿ ಎತ್ತಾಕೆ ಜಾಗ ಎಲ್ಲೈತೆ? ಒಬ್ಬನ ಗುದ್ದಲಿ ಇನ್ನೊಬ್ಬನ ಕಾಲಿಗೆ. ಹದಿನೈದು ದಿನ ಆದ್ರೂ ಮುಗಿಯಾಕಿಲ್ಲ."

ತಮಾಷೆ ಮಾಡುತ್ತಿರಲಿಲ್ಲ. ಬಾವಿ ತೋಡಿದವನು, ಅವನ ಕಣ್ಣಿಗೆ ಬಾವಿಯೇ ಕಾಣುತ್ತಿತ್ತು. ನಾನು ಸ್ಲೇಟು ಒರೆಸಿ ಮತ್ತೆ ಬರೆದೆ. ಮತ್ತೆ ಅದೇ ಬಂಡೆ, ಅದೇ ಗುದ್ದಲಿ. ದಸರಾ ರಜವೆಲ್ಲ ಆ ಬಾವಿಯಲ್ಲೇ ಕಳೆಯಿತು. ದೇಂಕಣಿಕೋಟೆಗೆ ವಾಪಸು ನಡೆಯುವಾಗ ನನಗೆ ಮೊದಲ ಸಲ ಭಯವಾಯಿತು. ಅಪ್ಪ ಪಾಸಾಗದಿದ್ದರೆ?

ಡಿಸೆಂಬರಿನ ರಜಕ್ಕೆ ಬಂದಾಗ ಅವರೆಕಾಯಿ ಕಾಲ. ಅವ್ವ ಕಾಯಿ ಸುಲಿಯುತ್ತಾ ಕಾವಲಿದ್ದಳು. ಇಷ್ಟು ದಿನ ಒಬ್ಬನೇ ಕೂತು ಅಭ್ಯಾಸ ಮಾಡಿದ್ದೇನೆ ಎಂದು ಅಪ್ಪ ಮಕ್ಕಳ ಹಾಗೆ ಸ್ಲೇಟು ಮುಂದೆ ಹಿಡಿದ. ಆಳಿನ ಲೆಕ್ಕ ನಾಲ್ಕು ಮಾಡಿದ್ದ, ನಾಲ್ಕೂ ತಪ್ಪು. ನಾಲ್ಕರಲ್ಲೂ ತನ್ನದೇ ಒಂದು ನ್ಯಾಯ ಹುಡುಕಿಕೊಂಡಿದ್ದ. ಒಂದರಲ್ಲಂತೂ ಎಂಟು ಆಳಿನ ಪೈಕಿ ಒಬ್ಬನನ್ನು ಊಟ ತರಲು ಕಳಿಸಿ ಏಳೇ ಆಳಿಗೆ ಲೆಕ್ಕ ಹಾಕಿದ್ದ. ನನಗೆ ಎಲ್ಲಿತ್ತೋ ಸಿಟ್ಟು.

"ತಲೇಲಿ ಏನೈತೆ, ಮಣ್ಣಾ? ನಿನ್ನ ಬುದ್ಧಿ ಬದಿಗಿಡು, ಹೇಳ್ಕೊಟ್ಟಂಗೆ ಮಾಡು!"

ಅದು ನನ್ನ ಮಾತಲ್ಲ. ಅಪ್ಪ ಶಾಲೆಯಲ್ಲಿ ಮಕ್ಕಳಿಗೆ ದಿನಾ ಬೈಯುತ್ತಿದ್ದ ಮಾತು, ಒಂದಕ್ಷರ ಬಿಡದೆ ನನ್ನ ಬಾಯಿಂದ ಬಂದಿತ್ತು. ಅವ್ವನ ಕೈಯಲ್ಲಿದ್ದ ಅವರೆಕಾಯಿ ನಿಂತಿತು. ಅಪ್ಪ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಸ್ಲೇಟನ್ನು ಪಂಚೆಯ ತುದಿಯಿಂದ ಒರೆಸಿ, "ಆಯ್ತು, ಹೇಳು. ಹೇಳ್ದಂಗೇ ಮಾಡ್ತೀನಿ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಆಗ ನಾನು ಒಂದು ಉಪಾಯ ಮಾಡಿದೆ. ಅಪ್ಪನಿಗೆ ಬಾಯಿಪಾಠ ಚೆನ್ನಾಗಿ ಬರುತ್ತಿತ್ತು. ಅರ್ಥ ಮಾಡಿಸುವುದನ್ನು ಬಿಟ್ಟು, "ಆಳು ಹೆಚ್ಚಿದರೆ ಉತ್ತರ ಕಡಿಮೆ, ಆಳು ಕಡಿಮೆಯಾದರೆ ಉತ್ತರ ಹೆಚ್ಚು" ಎಂದು ಬಾಯಿಪಾಠ ಮಾಡಿಸಿದೆ. ಮಗ್ಗಿಯ ರಾಗದಲ್ಲೇ ಹೇಳಿಸಿದೆ. ಅಪ್ಪ ದನ ಅಟ್ಟುವಾಗ ಹೇಳಿಕೊಂಡ, ಹೊಲದಲ್ಲಿ ಹೇಳಿಕೊಂಡ. ಮೂರೇ ದಿನಕ್ಕೆ ಪುಸ್ತಕದ ಆಳಿನ ಲೆಕ್ಕವೆಲ್ಲ ಸರಿ ಬರತೊಡಗಿತು. ಬಾವಿ, ಬಂಡೆ, ಗುದ್ದಲಿ ಯಾವುದರ ಮಾತೂ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಪರೀಕ್ಷೆ ಕೃಷ್ಣಗಿರಿಯಲ್ಲಿ. ಬೇಸಗೆ ರಜ ಶುರುವಾಗಿತ್ತು. ಅಪ್ಪ ದೇಂಕಣಿಕೋಟೆಗೆ ಬಂದು, ದಾರಿಯಲ್ಲಿ ಲೆಕ್ಕ ಕೇಳಿಕೊಳ್ಳಲು ಬೇಕಾಗುತ್ತದೆ ಎಂದು ನನ್ನನ್ನೂ ಕರೆದುಕೊಂಡು ಹೊರಟ. ಇದ್ದಿಲಿನಿಂದ ಓಡುವ ಬಸ್ಸು, ಏರು ಬಂದರೆ ಇಳಿದು ತಳ್ಳಬೇಕು. ಅಪ್ಪ ಒಗೆದ ಅಂಗಿಗೆ ಮಸಿಯಾಗುತ್ತದೆಂದು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ತಳ್ಳಿದ. ತಳ್ಳುವಾಗಲೂ ತುಟಿ ಅಲ್ಲಾಡುತ್ತಿತ್ತು. ಆಳು ಹೆಚ್ಚಿದರೆ ಉತ್ತರ ಕಡಿಮೆ.

ಪರೀಕ್ಷೆ ನಡೆದ ಕಟ್ಟಡದ ಹೊರಗೆ ಹುಣಿಸೆ ಮರದ ಕೆಳಗೆ ಕೂತಿದ್ದೆ. ಕಿಟಕಿಯಲ್ಲಿ ಅಪ್ಪನ ತಲೆ ಕಾಣುತ್ತಿತ್ತು, ಸುತ್ತ ಮೀಸೆ ಚಿಗುರದ ಹುಡುಗರು. ಅಲ್ಲಿಗೆ ನಾನು ಹೋಗುವ ಹಾಗಿರಲಿಲ್ಲ, ಸನ್ನೆ ಮಾಡುವ ಹಾಗೂ ಇರಲಿಲ್ಲ. ಉಪ್ಪು ಹಚ್ಚಿದ ಮಾವಿನಕಾಯಿ ಕೊಂಡಿದ್ದೆ, ಅದು ಕೈಯಲ್ಲೇ ಬಾಡಿತು.

ಹೊರಗೆ ಬಂದ ಅಪ್ಪನ ಮುಖ ಅರಳಿತ್ತು. ಹತ್ತು ಲೆಕ್ಕ, ನಾಲ್ಕು ಸರಿ ಹೋದರೆ ಪಾಸು. ಒಂಬತ್ತು ಬರೆದಿದ್ದ. ಬಸ್ಸಿನ ಸದ್ದಿನಲ್ಲಿ ಮಾತಾಡಲು ಆಗಲಿಲ್ಲ. ಆ ರಾತ್ರಿ ಮಾವನ ಮನೆಯಲ್ಲಿದ್ದೆವು, ಮಾವನ ಎದುರಿಗೆ ಅಪ್ಪ ಲೆಕ್ಕದ ಮಾತೇ ಎತ್ತಲಿಲ್ಲ. ಮಾರನೆಯ ದಿನ ಅಂಚೆಟ್ಟಿ ದಾಟಿ ನಮ್ಮ ಊರಿನ ಕಾಡುದಾರಿ ಹಿಡಿದ ಮೇಲೆ ಪ್ರಶ್ನೆಪತ್ರಿಕೆ ತೆಗೆದು, ಒಂದೊಂದೇ ಲೆಕ್ಕ ಓದಿ, ತಾನು ಬರೆದ ಉತ್ತರ ಹೇಳತೊಡಗಿದ. ಆನೆಯ ಲದ್ದಿ ಹಸಿಯಾಗಿ ಬಿದ್ದಿತ್ತು, ಅದಕ್ಕೆ ನನ್ನ ಕೈ ಹಿಡಿದುಕೊಂಡಿದ್ದ. ನನ್ನ ಮುಷ್ಟಿ ಅವನ ಅಂಗೈಯೊಳಗೆ ಇತ್ತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಪ್ಪ ಎಣಿಸಲು ಕಲಿಸುತ್ತಿದ್ದುದು ಬೆರಳಿನ ಗೆಣ್ಣುಗಳ ಮೇಲೆ. ಹೆಬ್ಬೆರಳನ್ನು ಕಿರುಬೆರಳ ಬುಡದ ಗೆಣ್ಣಿಗೆ ಇಟ್ಟರೆ ಒಂದು, ಮೇಲೆ ಹೋದರೆ ಎರಡು, ತುದಿಗೆ ಮೂರು. ನಾಲ್ಕಕ್ಕೆ ಉಂಗುರದ ಬೆರಳಿಗೆ ದಾಟಬೇಕು. ನನಗೂ ಹಾಗೇ ಕಲಿಸಿದ್ದ. ಮಿಡ್ಲ್ ಸ್ಕೂಲಿನಲ್ಲಿ ಬೆರಳೆಣಿಸಿದರೆ ಏಟು ಬೀಳುತ್ತಿದ್ದುದರಿಂದ ಮುಷ್ಟಿಯೊಳಗೇ ಎಣಿಸುವುದು ನನಗೆ ಅಭ್ಯಾಸವಾಗಿತ್ತು.

ಮೊದಲನೆಯ ಲೆಕ್ಕ ಭಿನ್ನರಾಶಿ, ಸರಿ. ಎರಡನೆಯದು ಹೊಲದ ಅಳತೆ, ಅದೂ ಸರಿ. ಮೂರು, ನಾಲ್ಕು, ಐದು ತಪ್ಪು. ಆರು ಸರಿ. ಏಳು, ಎಂಟು ತಪ್ಪು. ಸರಿ ಬಂದದ್ದು ಮೂರೇ, ಪಾಸಿಗೆ ಇನ್ನೊಂದು ಬೇಕಿತ್ತು. ಉಳಿದದ್ದು ಒಂಬತ್ತನೆಯದು ಒಂದೇ. ಅಪ್ಪ ಅದನ್ನು ಖುಷಿಯಿಂದ ಓದಿದ.

"ಎಂಟು ಆಳು ಒಂದು ದಿನದಲ್ಲಿ ಇಪ್ಪತ್ತನಾಲ್ಕು ಗಜ ಕಾಲುವೆ ತೋಡಿದರೆ, ಹನ್ನೆರಡು ಆಳು ಒಂದು ದಿನದಲ್ಲಿ ಎಷ್ಟು ಗಜ ತೋಡುವರು?"

ಓದಿ ನಿಂತುಕೊಂಡ.

"ಕೇಳು ಮಗ. ನನ್ನ ಬುದ್ಧಿ ಮೂವತ್ತಾರು ಅಂತು. ನನ್ನ ಬುದ್ಧಿ ಯಾವತ್ತು ಸರಿ ಹೇಳೈತೆ? ಅದನ್ನ ಬದಿಗಿಟ್ಟೆ. ನೀನು ಹೇಳ್ಕೊಟ್ಟಂಗೇ, ಆಳು ಹೆಚ್ಚಿದರೆ ಉತ್ತರ ಕಡಿಮೆ. ಹದಿನಾರು ಅಂತ ಬರೆದ್ಬುಟ್ಟೆ. ಸರಿ ತಾನೆ?"

ದಿನ ಕಡಿಮೆ ಎಂದು ಹೇಳಿಕೊಡಬೇಕಾದಲ್ಲಿ ನಾನು ಉತ್ತರ ಕಡಿಮೆ ಎಂದು ಹೇಳಿಕೊಟ್ಟಿದ್ದೆ. ಪುಸ್ತಕದಲ್ಲಿದ್ದ ಆಳಿನ ಲೆಕ್ಕಗಳಲ್ಲೆಲ್ಲ ಕೇಳಿದ್ದು ದಿನವನ್ನೇ, ಅದಕ್ಕೇ ಸರಿ ಬಂದಿತ್ತು. ಎಷ್ಟು ಕೆಲಸ ಎಂದು ಕೇಳಿದರೆ ಏನು ಮಾಡಬೇಕೆಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಅಪ್ಪನಿಗೆ ಹೊಳೆದಿತ್ತು. ಹೊಳೆದದ್ದನ್ನು ನನ್ನ ಮಾತು ನಂಬಿ ಬಿಟ್ಟುಬಿಟ್ಟಿದ್ದ.

"ಸರಿ ಅಪ್ಪ" ಎಂದೆ. "ಪಾಸಾಯ್ತೀಯ."

ಅಪ್ಪ ಕಾಗದವನ್ನು ಮಡಿಸಿ ಜೇಬಿಗಿಟ್ಟು ಮುಂದೆ ನಡೆದ. ಆಮೇಲೆ ಹೆಚ್ಚು ಮಾತಾಡಲಿಲ್ಲ. ದಣಿದಿರಬೇಕು ಎಂದುಕೊಂಡೆ.

ಆ ಬೇಸಗೆ ಹೇಗೆ ಕಳೆಯಿತೋ ನನಗೇ ಗೊತ್ತು. ಅವ್ವ ಫಲಿತಾಂಶಕ್ಕೆ ಹರಕೆ ಹೊತ್ತಳು. ನಾನು ಅವಳ ಜೊತೆ ಗುಡಿಗೆ ಹೋಗಿ ಕೈ ಮುಗಿದೆ. ಮೂರನ್ನು ನಾಲ್ಕು ಮಾಡು ಎಂದು ಯಾವ ದೇವರನ್ನು ಕೇಳುವುದು? ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿ ಆಗಬೇಕಾದ್ದಾದರೂ ಏನು? ಜೂನ್ ತಿಂಗಳಲ್ಲಿ ಕಾಗದ ಬಂತು. ಅದರ ಹಿಂದೆಯೇ ಇಪ್ಪತ್ತರ ಹುಡುಗನೊಬ್ಬ ಟ್ರಂಕು ಹೊರಿಸಿಕೊಂಡು ಬಂದ. ಅಪ್ಪ ಅವನಿಗೆ ಶಾಲೆಯ ಬೀಗದ ಕೈ, ಹಾಜರಿ ಪುಸ್ತಕ, ಬೆತ್ತ ಕೊಟ್ಟು, ಯಾವ ಮಗುವಿಗೆ ಎಷ್ಟು ಬರುತ್ತದೆ ಎಂದು ಒಬ್ಬೊಬ್ಬರದನ್ನೂ ಹೇಳಿ ಮನೆಗೆ ಬಂದ. ನನ್ನ ಓದು ಮಾತ್ರ ನಿಲ್ಲಿಸಲಿಲ್ಲ.

ಮುಂದಿನ ದಸರಾ ರಜದಲ್ಲಿ ನಾನು ಬಂದಾಗ ಅಪ್ಪ ರಾಗಿ ಹೊಲದ ಸುತ್ತ ಕಾಡುಹಂದಿ ಬರದ ಹಾಗೆ ಕಂದಕ ತೋಡಿಸುತ್ತಿದ್ದ. ಇಬ್ಬರು ಆಳಿದ್ದರು. ಬುತ್ತಿ ತಂದ ನಾನು ಬದುವಿನ ಮೇಲೆ ಕೂತೆ. ಅಪ್ಪ ತೋಡಿದ್ದನ್ನು ಹೆಜ್ಜೆಯಲ್ಲಿ ಅಳೆದು, "ಇವತ್ತೊಂದಿನಕ್ಕೆ ಆರು ಗಜ ಆಯ್ತು. ನಾಳೆ ಇನ್ನಿಬ್ಬರು ಬತ್ತಾರೆ, ಹನ್ನೆರಡಾಯ್ತದೆ" ಎಂದ. ತಕ್ಷಣ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಕಣ್ಣಲ್ಲಿ ನೀರು ತುಂಬಿ, ಏನು ಮಾಡಿದರೂ ನಿಲ್ಲದೆ ಹೋಯಿತು.

ಅಪ್ಪ ಕೈಯ ಮಣ್ಣು ಕೊಡವಿಕೊಂಡು ಪಕ್ಕದಲ್ಲಿ ಕೂತ.

"ಅಳಬ್ಯಾಡ. ನಂಗೆ ಆವತ್ತೇ ಗೊತ್ತಾಯ್ತು ಕಣಮ್ಮ."

"ಏನು?"

"ಕಾಡುದಾರೀಲಿ ನಿನ್ನ ಹೆಬ್ಬೆಟ್ಟು ಎಣಿಸ್ತಿತ್ತು, ನನ್ನ ಕೈಯೊಳಗೆ. ಕಿರುಬೆರಳ ಮೂರು ಗೆಣ್ಣೂ ಮುಗಿಸ್ತು. ಕಾಲುವೆ ಲೆಕ್ಕ ಓದಿದಾಗ ಎದ್ದು ಉಂಗುರದ ಬೆರಳಿಗೆ ಹೊಂಟಿತ್ತು. ನಾನು ಹದಿನಾರು ಅಂದೆ ನೋಡು, ಹಂಗೇ ವಾಪಸು ಬಂದ್ಬುಡ್ತು."

ನಾನು ಕೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡೆ.

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಸರಿ ಅಪ್ಪ ಅಂದ್ಯಲ್ಲ" ಎಂದ. "ಅದನ್ನ ತಪ್ಪು ಅಂತ ಹೆಂಗೆ ಹೇಳ್ಲಿ?"

ಬುತ್ತಿ ಬಿಚ್ಚಿ ಮುದ್ದೆಯನ್ನು ಎರಡು ಭಾಗ ಮಾಡಿ, ದೊಡ್ಡದನ್ನು ನನ್ನ ಕಡೆ ಸರಿಸಿದ.